ಕರೆಂಟಿನ ಸೈಕಲ್ಲಾ, ಕೈ ಪೆಡಲ್ಲಾ?

ಬೆನ್ನುಹುರಿಗೆ ಪೆಟ್ಟಾದ ಮೇಲೆ ವ್ಯಾಯಾಮಕ್ಕೆ ಯಾವುದು ಒಳ್ಳೆಯದು ಎಂದು ಯೋಚಿಸುತ್ತಿದ್ದೀರಾ?

ಎಫ್‌ಇಎಸ್, ಅಂದರೆ ಕರೆಂಟ್ ಕೊಟ್ಟು ಸ್ನಾಯುವಿನಿಂದ ಕೆಲಸ ಮಾಡಿಸುವ ಸೈಕಲ್‌ನಲ್ಲಿ ತೊಡೆಯ ಮುಂದೆ, ಹಿಂದೆ, ಪೃಷ್ಠದ ಮೇಲೆ ಅಂಟುವ ಪ್ಯಾಡ್ ಹಚ್ಚುತ್ತಾರೆ. ಪೆಡಲ್ ತಿರುಗಿದಂತೆ ಒಂದೊಂದು ಸ್ನಾಯುವಿಗೂ ಸರದಿಯಲ್ಲಿ ಸಣ್ಣ ಕರೆಂಟ್ ಹೋಗುತ್ತದೆ. ತಿಂಗಳುಗಟ್ಟಲೆ ಸುಮ್ನೆ ಇದ್ದ ತೊಡೆ ಬಿಗಿದುಕೊಂಡು ಪೆಡಲ್ ತಳ್ಳುತ್ತದೆ. ಕರಗಿದ ಸ್ನಾಯು ಮತ್ತೆ ತುಂಬಿಕೊಳ್ಳುತ್ತದೆ. ಕೈ ಪೆಡಲ್‌ನಿಂದ ಕಾಲಿಗೆ ಈ ಲಾಭವಿಲ್ಲ.

ಆದರೆ ಇದು ಎಲ್ಲರಿಗೂ ಆಗುವುದಿಲ್ಲ. ಬೆನ್ನುಹುರಿಯ ಕೆಳತುದಿಯ ನರಗಳೇ ಹಾಳಾಗಿ ಕಾಲು ಜೋತುಬಿದ್ದಿದ್ದರೆ ಈ ಕರೆಂಟಿಗೆ ಸ್ನಾಯು ಓಗೊಡುವುದಿಲ್ಲ. ದುಡ್ಡು ಕೊಡುವ ಮೊದಲು ಪ್ಯಾಡ್ ಹಚ್ಚಿಸಿ ನೋಡಿ. ಟಿ6 (ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬಿಪಿ ದಿಢೀರನೆ ಏರಬಹುದು. ತಲೆ ಸಿಡಿಯತೊಡಗಿದರೆ ತಕ್ಷಣ ನಿಲ್ಲಿಸಿ. ಮೂಳೆ ಸವೆದಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ.

ಕೈ ಪೆಡಲ್ ಅಗ್ಗ. ಮೇಜಿನ ಮೇಲಿಟ್ಟು ಮನೆಯಲ್ಲೇ ತಿರುಗಿಸಬಹುದು, ದಮ್ಮು ಬೆಳೆಯುತ್ತದೆ. ಭುಜ ಮಾತ್ರ ಜೋಪಾನ. ದಿನವಿಡೀ ಗಾಲಿಕುರ್ಚಿ ತಳ್ಳುವುದೂ ಅದೇ ಭುಜ ಅಲ್ವಾ?

2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ದಮ್ಮು ಬೆಳೆಸಲು ವಾರಕ್ಕೆ ಎರಡು ಸಲ, ಕನಿಷ್ಠ 20 ನಿಮಿಷ ಉಸಿರು ಜೋರಾಗುವಂಥ ವ್ಯಾಯಾಮ ಬೇಕು. ಅಷ್ಟಕ್ಕೆ ಕೈ ಪೆಡಲ್ ಸಾಕು. ಭುಜ ಈಗಾಗಲೇ ನೋಯುತ್ತಿದ್ದು, ಎಫ್‌ಇಎಸ್ ಇರುವ ಫಿಸಿಯೋ ಸೆಂಟರ್ ಹತ್ತಿರದಲ್ಲಿದ್ದರೆ, ನಾನಂತೂ ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.