ಶಾಂತಿಗ್ರಾಮದ ಹಾದಿಯ ರೊಟ್ಟಿ ಹೋಟೆಲು: ರುಚಿಯ ಜೊತೆಗೆ ಒಂದಿಷ್ಟು ಉದ್ಯೋಗದ ಲೆಕ್ಕ

ಬೆಂಗಳೂರಿನಿಂದ ಹಾಸನಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಚನ್ನರಾಯಪಟ್ಟಣ ದಾಟಿ ಶಾಂತಿಗ್ರಾಮ ತಲುಪುವ ಮುನ್ನ ಎಡಬದಿಗೆ ಹೆಂಚಿನ ಮಾಡಿನ ಸಸ್ಯಾಹಾರಿ ಹೋಟೆಲೊಂದು ಸಿಗುತ್ತದೆ. ಕಳೆದ ಒಂದು ವರ್ಷದಲ್ಲಿ ನಾನು ಅಲ್ಲಿ ಹತ್ತು ಹನ್ನೆರಡು ಬಾರಿಯಾದರೂ ಊಟ ತಿಂಡಿ ಮಾಡಿದ್ದೇನೆ. ಅಲ್ಲಿ ದುಡಿಯುವವರ ಕೆಲಸ, ಸಂಬಳದ ವಿಚಾರವೂ ಈ ಬರಹದಲ್ಲಿ ಬರುವುದರಿಂದ ಹೆಸರು ಹಾಕುವುದು ಬೇಡ ಎಂದು ಮಾಲೀಕರು ಕೇಳಿಕೊಂಡರು. ಅವರ ಮಾತನ್ನು ಮನ್ನಿಸಿದ್ದೇನೆ.

ಇಲ್ಲಿಗೆ ಹೋಗಬೇಕಾದದ್ದು ಅಕ್ಕಿ ರೊಟ್ಟಿಗಾಗಿ. ಸಬ್ಬಸಿಗೆ ಸೊಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕಾಯಿತುರಿ ಹಾಕಿ ಕಲಸಿದ ಹಿಟ್ಟನ್ನು ಬಾಳೆ ಎಲೆಯ ಮೇಲೆ ತಟ್ಟಿ ಕಾವಲಿಗೆ ಹಾಕುತ್ತಾರೆ. ಅಂಚು ಗರಿಗರಿಯಾಗಿ, ನಡುವೆ ಮೆತ್ತಗೆ ಇರುವ ರೊಟ್ಟಿಯ ಜೊತೆಗೆ ಬರುವ ಹುಚ್ಚೆಳ್ಳು ಚಟ್ನಿಯಂಥದ್ದನ್ನು ನಮ್ಮ ಮನೆಯ ಹಿರಿಯರ ಕಾಲದ ನಂತರ ನಾನು ತಿಂದಿದ್ದು ಇಲ್ಲಿಯೇ. ಮಧ್ಯಾಹ್ನದ ಮುದ್ದೆ ಮತ್ತು ಬಸ್ಸಾರು ಚೆನ್ನಾಗಿರುತ್ತವೆ, ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆ ಸಾರು ಇನ್ನೂ ಚೆನ್ನ. ದೋಸೆ ಸಾಧಾರಣ. ಕಾಫಿ ಗಟ್ಟಿಯಾಗಿದೆ, ಆದರೆ ಕೇಳದಿದ್ದರೆ ಸಕ್ಕರೆ ಹೆಚ್ಚಾಗುತ್ತದೆ.

ಕಾಲೇಜಿನಲ್ಲಿ ಬಹಳ ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನಾದ್ದರಿಂದ ತಟ್ಟೆಯ ಜೊತೆಗೆ ಅದನ್ನು ತಂದಿಟ್ಟವರ ಕಡೆಗೂ ನನ್ನ ಗಮನ ಹೋಗುತ್ತದೆ. ಮಾಲೀಕರೂ ಸೇರಿ ಇಲ್ಲಿ ದುಡಿಯುವವರು ಹದಿನಾಲ್ಕು ಜನ. ಇಬ್ಬರು ಅಡುಗೆಯವರು, ಮೂವರು ಸಪ್ಲೈಯರ್‌ಗಳು, ರೊಟ್ಟಿ ತಟ್ಟುವ ಮತ್ತು ಪಾತ್ರೆ ತೊಳೆಯುವ ಐವರು ಹೆಂಗಸರು, ಒಬ್ಬ ಕಾವಲುಗಾರ, ಶನಿವಾರ ಭಾನುವಾರ ಮಾತ್ರ ಬರುವ ಒಬ್ಬ ಕಾಲೇಜು ಹುಡುಗ; ಗಲ್ಲಾದಲ್ಲಿ ಮಾಲೀಕರು, ಒಳಗೆ ಚಟ್ನಿಯ ಪೂರ್ತಿ ಹೊಣೆ ಹೊತ್ತ ಅವರ ಹೆಂಡತಿ. ಹೆದ್ದಾರಿ ನಾಲ್ಕು ಪಥವಾಗದೇ ಇದ್ದಿದ್ದರೆ ಈ ಹೋಟೆಲು ಇರುತ್ತಿರಲಿಲ್ಲ. ಹಾಗಾದರೆ ರಸ್ತೆಯಿಂದ ಹದಿನಾಲ್ಕು ಉದ್ಯೋಗ ಸೃಷ್ಟಿಯಾಯಿತು ಎಂದು ಬರೆದುಕೊಳ್ಳಬಹುದೇ ಎಂಬ ಪ್ರಶ್ನೆಯೇ ನನ್ನನ್ನು ಮತ್ತೆ ಮತ್ತೆ ಅಲ್ಲಿ ಕೂರಿಸಿದ್ದು.

ಮುಖ್ಯ ಅಡುಗೆಯವರು ಮೊದಲು ಚನ್ನರಾಯಪಟ್ಟಣದ ಪೇಟೆಯ ಒಂದು ಹೋಟೆಲಿನಲ್ಲಿದ್ದವರು. ಬೈಪಾಸ್ ಆದ ಮೇಲೆ ದೂರದ ಗಾಡಿಗಳು ಊರೊಳಗೆ ಬರುವುದು ಕಡಿಮೆಯಾಗಿ ಅಲ್ಲಿ ವ್ಯಾಪಾರ ಇಳಿಯಿತು, ಅವರು ಇಲ್ಲಿಗೆ ಬಂದರು. ಇದು ಜಾಗ ಬದಲಿಸಿದ ಉದ್ಯೋಗವೇ ಹೊರತು ಹೊಸದಾಗಿ ಹುಟ್ಟಿದ್ದಲ್ಲ. ಸಪ್ಲೈಯರ್‌ಗಳಲ್ಲಿ ಇಬ್ಬರ ಕಥೆಯೂ ಹೀಗೆಯೇ. ರೊಟ್ಟಿ ತಟ್ಟುವ ಹೆಂಗಸರ ವಿಚಾರ ಬೇರೆ: ಅವರಿಗೆ ಈ ಮುಂಚೆ ಆಲೂಗಡ್ಡೆ ಬಿತ್ತನೆ ಮತ್ತು ಕೀಳುವ ಕಾಲದಲ್ಲಿ ಸಿಗುವ ಕೂಲಿ ಬಿಟ್ಟರೆ ಬೇರೆ ಸಂಪಾದನೆ ಇರಲಿಲ್ಲ, ಈಗ ಅವರಲ್ಲಿ ಮೂವರಿಗೆ ತಿಂಗಳ ಸಂಬಳವಿದೆ. ಈ ರಸ್ತೆಯ ನಿಜವಾದ ಗಳಿಕೆ ಎಂದರೆ ಆ ಮೂವರು ಎಂಬುದು ನನ್ನ ಲೆಕ್ಕ. ಅವರ ಜೊತೆಗೆ ತೆಂಗಿನಕಾಯಿ, ಹಾಲು, ಸೊಪ್ಪು ತಂದು ಹಾಕುವ ಸುತ್ತಲಿನ ರೈತರಿಗೆ ದಿನವೂ ಸಿಗುವ ವ್ಯಾಪಾರವನ್ನೂ ಸೇರಿಸಬೇಕು.

ಸರ್ಕಾರದ ಅಂಕಿಅಂಶಗಳು ಈ ಹದಿನಾಲ್ಕು ಜನರನ್ನು ಹೇಗೆ ಕಾಣುತ್ತವೆ ಎಂಬುದೂ ತಿಳಿಯಬೇಕಾದ ವಿಷಯ. ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದವರಲ್ಲಿ ನಿರುದ್ಯೋಗ ಪ್ರಮಾಣ 2017–18ರಲ್ಲಿ ಶೇ 6.0 ಇದ್ದದ್ದು 2023–24ಕ್ಕೆ ಶೇ 3.2ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವ ಹೆಂಗಸರ ಪ್ರಮಾಣ ಶೇ 23.3ರಿಂದ ಶೇ 41.7ಕ್ಕೆ ಏರಿತು. ಆದರೆ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳ ಪೈಕಿ ಒಂದು ದಿನ ಒಂದು ಗಂಟೆ ದುಡಿದವನೂ ಉದ್ಯೋಗಿಯೇ, ಆದ್ದರಿಂದ ಶನಿವಾರದ ಕಾಲೇಜು ಹುಡುಗನೂ ಮುಖ್ಯ ಅಡುಗೆಯವರೂ ಒಂದೇ ಸಾಲಿಗೆ ಸೇರುತ್ತಾರೆ. ಮಾಲೀಕರ ಹೆಂಡತಿ ಸಂಬಳವಿಲ್ಲದೆ ಬೆಳಗಿನ ಜಾವದಿಂದ ದುಡಿದರೂ ‘ಮನೆಯ ಉದ್ದಿಮೆಯ ಸಹಾಯಕಿ’ಯಾಗಿ ಸ್ವಯಂ ಉದ್ಯೋಗಿಗಳ ಗುಂಪಿಗೆ ಹೋಗುತ್ತಾರೆ, 2023–24ರಲ್ಲಿ ದೇಶದ ದುಡಿಯುವವರಲ್ಲಿ ಶೇ 58.4ರಷ್ಟು ಜನ ಇದ್ದದ್ದು ಈ ಗುಂಪಿನಲ್ಲಿಯೇ. ಇನ್ನು ತಿಂಗಳು ತಿಂಗಳು ಪ್ರಕಟವಾಗುವ ಭವಿಷ್ಯ ನಿಧಿಯ ಅಂಕಿಗಳಲ್ಲಿ ಈ ಹೋಟೆಲಿನ ಒಬ್ಬರೂ ಇಲ್ಲ, ಏಕೆಂದರೆ 20ಕ್ಕಿಂತ ಕಡಿಮೆ ನೌಕರರಿರುವ ಕಡೆ ಭವಿಷ್ಯ ನಿಧಿ ಕಡ್ಡಾಯವಲ್ಲ. ಹೀಗೆ ಒಂದು ಅಂಕಿ ಇವರೆಲ್ಲರನ್ನೂ ಸಮನಾಗಿ ಎಣಿಸುತ್ತದೆ, ಇನ್ನೊಂದು ಯಾರನ್ನೂ ಎಣಿಸುವುದಿಲ್ಲ. 2025ರ ಜನವರಿಯಿಂದ ಸಮೀಕ್ಷೆಯ ಮಾದರಿ ಆಯ್ಕೆಗೆ ಜಿಲ್ಲೆಯನ್ನೇ ಮೂಲ ಘಟಕವಾಗಿ ಇಟ್ಟುಕೊಂಡಿರುವುದು ಒಳ್ಳೆಯ ಹೆಜ್ಜೆ. ಹಾಸನದ ಚಿತ್ರ ಹಾಸನದ್ದೇ ಆಗಿ ಕಾಣುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ.

ರಸ್ತೆ ಕಟ್ಟುವಾಗಲೇ ಬಹಳ ಜನರಿಗೆ ಕೆಲಸ ಸಿಗುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಸಾಮಗ್ರಿಯ ವೆಚ್ಚ ಶೇ 40ನ್ನು ಮೀರಬಾರದೆಂಬ ಮಿತಿ ಇಟ್ಟದ್ದು ಹಣ ಕೂಲಿಯವರ ಕೈ ಸೇರಲಿ ಎಂದು. ಹೆದ್ದಾರಿಯ ಕಾಮಗಾರಿ ಹಾಗಲ್ಲ. ಅಲ್ಲಿ ಯಂತ್ರ, ಡಾಂಬರು, ಸಿಮೆಂಟುಗಳದ್ದೇ ದೊಡ್ಡ ಪಾಲು, ಕಾಮಗಾರಿ ಮುಗಿದ ದಿನ ಕೆಲಸಗಾರರೂ ಮುಂದಿನ ಊರಿಗೆ ಹೊರಡುತ್ತಾರೆ. ಉಳಿಯುವ ಉದ್ಯೋಗವನ್ನು ಹುಡುಕಬೇಕಾದದ್ದು ಇಂಥ ಹೋಟೆಲುಗಳಲ್ಲಿ, ಪಂಕ್ಚರ್ ಅಂಗಡಿಗಳಲ್ಲಿ, ಎಳನೀರಿನ ರಾಶಿಗಳ ಪಕ್ಕದಲ್ಲಿ.

ಕೊರತೆಗಳನ್ನೂ ಹೇಳಬೇಕು. ಶನಿವಾರ ಭಾನುವಾರ ಸಕಲೇಶಪುರ, ಚಿಕ್ಕಮಗಳೂರಿನ ಕಡೆಗೆ ಹೋಗುವ ಪ್ರವಾಸಿಗರು ಮುಗಿಬೀಳುವುದರಿಂದ ರೊಟ್ಟಿಗೆ ಅರ್ಧ ಗಂಟೆಯವರೆಗೆ ಕಾಯಬೇಕಾಗುತ್ತದೆ, ಗಲ್ಲಾದ ಮುಂದೆಯೂ ಸಾಲು ನಿಲ್ಲುತ್ತದೆ. ಶೌಚಾಲಯ ಚೊಕ್ಕಟವಾಗಿದೆ, ಆದರೆ ಹೆಂಗಸರಿಗೆ ಒಂದೇ ಇದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಹೋಟೆಲಿನದಲ್ಲ. ಸಂಜೆ ಐದರ ನಂತರ ಇಲ್ಲಿ ಅಕ್ಕಿ ರೊಟ್ಟಿ ಸಿಗುವುದಿಲ್ಲ. ಐವರು ಹೆಂಗಸರಲ್ಲಿ ಇಬ್ಬರು ಬಸ್ಸಿನಲ್ಲಿ ಬರುತ್ತಾರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಅವರಿಗೆ ಟಿಕೆಟಿನ ಖರ್ಚು ಉಳಿದಿದೆ. ಉಳಿದ ಮೂವರ ಊರು ಹೆದ್ದಾರಿಯ ಆಚೆ ಬದಿಗೆ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದೆ, ಆದರೆ ನಡೆದು ದಾಟಲು ಕೆಳಸೇತುವೆಯಿಲ್ಲ. ವೇಗವಾಗಿ ಬರುವ ಗಾಡಿಗಳ ನಡುವೆ ಕತ್ತಲಲ್ಲಿ ಆ ರಸ್ತೆ ದಾಟುವ ಧೈರ್ಯ ಯಾರಿಗೂ ಇಲ್ಲ, ಇರಲೂಬಾರದು. ಜನ ದಾಟುವ ದಾರಿಯೊಂದಿದ್ದರೆ ಸಂಜೆಯ ಪಾಳಿಗೆ ಇನ್ನಿಬ್ಬರು ಹೆಂಗಸರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ಮಾಲೀಕರು ಹೇಳಿದರು. ಅವರ ಸಂಜೆಯ ವ್ಯಾಪಾರವನ್ನು ನೋಡಿದ ನನಗೆ ಅದು ಬರಿಯ ಮಾತು ಎನಿಸಲಿಲ್ಲ. ಅಲ್ಲಿಯವರೆಗೆ, ರೊಟ್ಟಿಗಾಗಿಯೇ ಹೋಗುವವರು ಐದರ ಒಳಗೆ ತಲುಪುವಂತೆ ಬೆಂಗಳೂರು ಬಿಡಬೇಕು.