ಬೋರ್‌ವೆಲ್ ಮೋಟರಿಗೆ ತಾಮ್ರದ ಕೇಬಲ್ಲೋ, ಅಲ್ಯುಮಿನಿಯಂ ಕೇಬಲ್ಲೋ?

ಕುಷ್ಟಗಿ ಕಡೆಯ ದಾಳಿಂಬೆ ತೋಟಕ್ಕೆ ಯಾವ ಕೇಬಲ್ ಎಳೆಯಬೇಕೆಂದು ಕೇಳಿದ್ದೀರಿ. ಇದನ್ನು ತೀರ್ಮಾನಿಸುವುದು ಆ ಎರಡು ಧಾತುಗಳ ಗುಣವೇ.

ತಾಮ್ರದ ರೋಧಶೀಲತೆ (ಕರೆಂಟ್ ಹರಿವನ್ನು ತಡೆಯುವ ಗುಣ) 20 ಡಿಗ್ರಿಯಲ್ಲಿ 1.68, ಅಲ್ಯುಮಿನಿಯಂದು 2.65 (×10⁻⁸ ಓಮ್-ಮೀಟರ್). ಹಾಗಾಗಿ 10 ಚದರ ಮಿ.ಮೀ. ತಾಮ್ರದ ಜಾಗಕ್ಕೆ 16 ಚದರ ಮಿ.ಮೀ. ಅಲ್ಯುಮಿನಿಯಂ ಬೇಕು. ಅಷ್ಟು ದಪ್ಪವಾದರೂ ತೂಕ ತಾಮ್ರದ ಅರ್ಧದಷ್ಟೇ, ಬೆಲೆಯೂ ಕಡಿಮೆ. ನಮ್ಮ ಬೇಸಿಗೆಯ ಬಿಸಿಲಿಗೆ ಎರಡರ ರೋಧವೂ ಡಿಗ್ರಿಗೆ ಸುಮಾರು 0.4% ಏರುತ್ತದೆ, ಅಲ್ಲಿ ಹೆಚ್ಚುಕಡಿಮೆ ಇಲ್ಲ.

ಕೈಕೊಡುವುದು ಜಾಯಿಂಟ್. ಅಲ್ಯುಮಿನಿಯಂ ತನ್ನ ಪರಮಾಣುವಿನ ಹೊರಕವಚದ ಮೂರು ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಬೇಗ ಬಿಟ್ಟುಕೊಡುತ್ತದೆ. ಕೆರೆದ ಕ್ಷಣದಲ್ಲೇ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಸ್ಕ್ರೂ ಕೆಳಗೆ ಈ ಲೋಹ ನಿಧಾನವಾಗಿ ಹಿಸುಕಿಕೊಂಡು ಸಡಿಲಾಗುತ್ತದೆ, ಜಾಯಿಂಟ್ ಬಿಸಿಯೇರುತ್ತದೆ, ಕೊನೆಗೆ ಸುಡುತ್ತದೆ. ತಾಮ್ರಕ್ಕೆ ನೇರವಾಗಿ ಸುತ್ತಿದರಂತೂ ತೇವ ತಗುಲಿದಾಗ ಅಲ್ಯುಮಿನಿಯಂ ಸವೆದುಹೋಗುತ್ತದೆ. ಬ್ರಷ್‌ನಿಂದ ಉಜ್ಜಿ, ತಕ್ಷಣ ಜಾಯಿಂಟ್ ಪೇಸ್ಟ್ ಹಚ್ಚಿ, ಬೈಮೆಟಲ್ ಲಗ್ (ಒಂದು ಕಡೆ ಅಲ್ಯುಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ತುದಿಕೊಂಡಿ) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಉಪಕರಣದಿಂದ ಬಿಗಿಯಾಗಿ ಒತ್ತಿಸಿ. ಬರೀ ಟೇಪ್ ಸುತ್ತಿ ಬಿಡುವ ಕೆಲಸಕ್ಕೆ ದಯವಿಟ್ಟು ಒಪ್ಪಬೇಡಿ.

ಕಂಬದಿಂದ ಸ್ಟಾರ್ಟರ್‌ವರೆಗೆ ದೂರ ಹೆಚ್ಚಿದ್ದು, ನುರಿತ ಎಲೆಕ್ಟ್ರಿಷಿಯನ್ ಸಿಗುವುದಾದರೆ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ (ಲೋಹದ ರಕ್ಷಾಕವಚವಿರುವ ಕೇಬಲ್) ಲಾಭ. ತಾಮ್ರ ಕಳವಾಗುವ ಭಯವಿರುವ ಹೊಲಕ್ಕೂ ಅದೇ ಸರಿ. ದೂರ ಕಡಿಮೆಯಿದ್ದು ಜಾಯಿಂಟ್ ಹೆಚ್ಚಿದ್ದರೆ ತಾಮ್ರ. ಬೋರ್ ಒಳಗೆ ಇಳಿಸುವುದಕ್ಕೆ ಮಾತ್ರ ತಾಮ್ರದ ಮೂರು ಕೋರ್ ಫ್ಲಾಟ್ ಕೇಬಲ್ಲೇ ಇರಲಿ. ನೀರಿನಡಿಯ ಜಾಯಿಂಟ್ ಕೆಟ್ಟರೆ ಪೈಪು ಸಮೇತ ಮೋಟರ್ ಮೇಲೆತ್ತಬೇಕಾಗುತ್ತದೆ.