ದರೋಜಿ ಕರಡಿಧಾಮ: ಮಕ್ಕಳನ್ನು ಎರಡು ಗಂಟೆ ಸುಮ್ಮನೆ ಕೂರಿಸುವ ಜಾಗ

ಮದುವೆಯಾಗಿ ಹೊಸಪೇಟೆಗೆ ಬಂದು ಹದಿನಾಲ್ಕು ವರ್ಷ. ಬಂದ ನೆಂಟರಿಗೆಲ್ಲ ಹಂಪಿ ತೋರಿಸಿದ್ದೇನೆ, ಟಿ.ಬಿ. ಡ್ಯಾಂ ತೋರಿಸಿದ್ದೇನೆ. ಕಮಲಾಪುರದಿಂದ ಹದಿನೈದು ಕಿಲೋಮೀಟರ್ ದೂರದ ಕರಡಿಧಾಮಕ್ಕೆ ಮಾತ್ರ ಹೋಗಿರಲಿಲ್ಲ. ಶಿವರಾತ್ರಿ ಕಳೆದ ಮೇಲಿನ ಭಾನುವಾರ ಕೊನೆಗೂ ಹೊರಟೆವು. ನಾನು, ನಮ್ಮ ಮನೆಯವರು, ಒಂಬತ್ತು ವರ್ಷದ ಮಗಳು, ಮೈದುನನ ಆರು ವರ್ಷದ ಮಗ, ಮತ್ತು ಅತ್ತೆ.

ಅತ್ತೆಯದು ಸಂಡೂರು ಕಡೆಯ ಹಳ್ಳಿ. ಕಾರು ಹತ್ತುವಾಗಲೇ ಶುರು ಮಾಡಿದರು. "ನಮ್ಮೂರಾಗ ಕರಡಿ ಬಂತಂದ್ರ ಬಾಗಲಾ ಹಾಕ್ಕೊಂತಿದ್ವಿ. ನೀವು ರೊಕ್ಕ ಕೊಟ್ಟು ನೋಡಾಕ ಹೊಂಟೀರಿ." ದರೋಜಿ ಅಂದರೆ ಅವರಿಗೆ ಕರಡಿಯಲ್ಲ, ಜನಪದ ಕಥೆಗಳನ್ನು ಹಾಡಿ ಹೇಳುತ್ತಿದ್ದ ಅದೇ ಊರಿನ ಬುರ್ರಕಥಾ ಈರಮ್ಮ. ದಾರಿಯುದ್ದಕ್ಕೂ ಆಕೆಯ ಹಾಡಿನ ಸುದ್ದಿಯೇ. ನಾಡೋಜ ಗೌರವ ಪಡೆದ ಈರಮ್ಮ ತೀರಿಕೊಂಡಿದ್ದು 2014ರಲ್ಲಿ. ಅತ್ತೆ ಮಾತ್ರ ನಿನ್ನೆ ಮೊನ್ನೆ ಕೇಳಿ ಬಂದವರ ಹಾಗೆ ಹೇಳುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ಇದು ಮೃಗಾಲಯ ಅಲ್ಲ, ಜೀಪು ಸಫಾರಿಯೂ ಅಲ್ಲ. 1994ರಲ್ಲಿ ಕರಡಿಗಳಿಗೆಂದೇ ಮಾಡಿದ, ಸುಮಾರು 82 ಚದರ ಕಿಲೋಮೀಟರಿನ ಕುರುಚಲು ಕಾಡು ಮತ್ತು ಬಂಡೆಗುಡ್ಡ. ಮಧ್ಯಾಹ್ನದ ಮೇಲೆ ಒಳಗೆ ಬಿಡುತ್ತಾರೆ, ಕತ್ತಲಾಗುವ ಮೊದಲು ಹೊರಗೆ ಬರಬೇಕು. ಟಿಕೆಟ್ ತಗೊಂಡು ವೀಕ್ಷಣಾ ಗೋಪುರದವರೆಗೆ ಹೋಗಿ, ಮೇಲೆ ಹತ್ತಿ ಕೂರುವುದು. ಅಷ್ಟೇ. ಎದುರಿನ ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಬಳಿದಿರುತ್ತಾರೆ. ಬಿಸಿಲು ಇಳಿದ ಮೇಲೆ ಕರಡಿಗಳು ಗವಿ ಬಿಟ್ಟು ಅದನ್ನು ನೆಕ್ಕಲು ಬರುತ್ತವೆ. ಬಂದರೆ ಬಂದವು.

ಈ ಬೆಲ್ಲದ ವಿಷಯ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾಡಿನಲ್ಲಿ ಗೆದ್ದಲಿದೆ, ಬಾರೆಹಣ್ಣಿದೆ, ಸೀತಾಫಲವಿದೆ. ಮತ್ತೆ ಬೆಲ್ಲ ಯಾಕೆ ಅನ್ನಿಸಿತು. ಹಾಗಂತ ಬೆಲ್ಲ ಇಲ್ಲದಿದ್ದರೆ ನನ್ನ ಮಗಳು ಕರಡಿ ನೋಡುತ್ತಿರಲಿಲ್ಲ ಎನ್ನುವುದೂ ನಿಜ. ಎರಡೂ ಮಾತು ನನ್ನದೇ.

ನಾವು ಮಾಡಿದ ತಪ್ಪುಗಳನ್ನು ಕೇಳಿ. ಒಂದು ಕುರ್‌ಕುರೆ ಪೊಟ್ಟಣ. ಆ ನಿಶ್ಶಬ್ದದಲ್ಲಿ ಅದನ್ನು ಹರಿದರೆ ಪಟಾಕಿ ಹಚ್ಚಿದ ಹಾಗೆ. ಗೋಪುರದಲ್ಲಿದ್ದ ನಾಲ್ಕೈದು ಜನ ಒಟ್ಟಿಗೆ ತಿರುಗಿ ನೋಡಿದರು. ಇನ್ನೊಂದು ನಮ್ಮ ಹುಡುಗನ ಬೂಟು. ಹೆಜ್ಜೆ ಇಟ್ಟಾಗಲೆಲ್ಲ ಹಿಮ್ಮಡಿಯಲ್ಲಿ ಕೆಂಪು ಲೈಟು ಮಿನುಗುವಂಥದ್ದು. ಅಲ್ಲಿದ್ದ ವಾಚರ್ ಅಣ್ಣ ನಗುತ್ತಲೇ ಬಿಚ್ಚಿಸಿ ಮೂಲೆಯಲ್ಲಿ ಇಟ್ಟರು. "ಕರಡಿಗೆ ಕಣ್ಣು ಅಷ್ಟು ಚುರುಕಿಲ್ರೀ ಮೇಡಂ, ಮೂಗು ಭಾರಿ ಚುರುಕು. ಆದ್ರೂ ಬ್ಯಾಡ," ಅಂದರು.

ಮೊದಲ ಒಂದು ಗಂಟೆ ಏನೂ ಇಲ್ಲ. ನವಿಲು ಬಂದವು. ಒಂದು ಮುಂಗುಸಿ ಬಂಡೆ ನೆಕ್ಕಿ ಓಡಿತು. ಹುಡುಗ ಹತ್ತು ಸಲ "ಎಲ್ಲೈತಿ?" ಅಂದ. ನಮ್ಮ ಮನೆಯವರು ಗೋಡೆಗೆ ಒರಗಿ ನಿದ್ದೆ ಮಾಡಿದರು, ಗೊರಕೆ ಬರದಂತೆ ನಾನು ಕಾವಲು. ಮಗಳು ಮಾತ್ರ ಗೆಳತಿಯ ಅಪ್ಪನಿಂದ ಬೇಡಿ ತಂದ ದುರ್ಬೀನು ಇಳಿಸಲಿಲ್ಲ. ಐದರ ಹತ್ತಿರ ಅವಳು ನನ್ನ ಸೆರಗು ಎಳೆದಳು. ಬಾಯಿಂದ ಮಾತೇ ಇಲ್ಲ.

ಎರಡು ಬಂಡೆಗಳ ಸಂದಿಯಿಂದ ಕರಿ ಕಂಬಳಿಯ ಗಂಟೊಂದು ಇಳಿಯುತ್ತಿತ್ತು. ದುರ್ಬೀನಿನಲ್ಲಿ ನೋಡಿದರೆ ಬೆನ್ನ ಮೇಲೆ ಇನ್ನೆರಡು ಪುಟ್ಟ ಗಂಟು! ಮರಿಗಳು ತಾಯಿಯ ಜೊಂಪೆಗೂದಲು ಹಿಡಿದು ಸವಾರಿ ಮಾಡುತ್ತಿದ್ದವು. ಚಳಿಗಾಲದಲ್ಲಿ ಗವಿಯಲ್ಲಿ ಹುಟ್ಟಿದ ಮರಿಗಳು ಹೊರಗೆ ಬರುವ ಹೊತ್ತು ಇದೇ ಅಂತೆ. ತಾಯಿ ಬಂಡೆಗೆ ಮೂತಿ ಹಚ್ಚಿ ಬೆಲ್ಲ ಎಳೆಯತೊಡಗಿತು. ಈ ಕರಡಿಗೆ ಮೇಲಿನ ಮುಂದಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿಯಿಂದಲೇ ಗೆದ್ದಲನ್ನು ಹೀರುತ್ತದೆ ಎಂದು ವಾಚರ್ ಹೇಳಿದ್ದೇ ತಡ, ಮೊನ್ನೆ ತಾನೇ ಹಾಲುಹಲ್ಲು ಬಿದ್ದಿದ್ದ ಹುಡುಗ ತನ್ನ ಬಾಯಿ ಮುಟ್ಟಿಕೊಂಡ. ಒಂದು ಮರಿ ಕೆಳಗೆ ಜಾರಿತು, ಮತ್ತೆ ಹತ್ತಿತು. ಇನ್ನೊಂದು ಇಳಿಯಲೇ ಇಲ್ಲ.

ಅತ್ತೆ ದುರ್ಬೀನು ಕಸಿದುಕೊಂಡು ಬಹಳ ಹೊತ್ತು ನೋಡಿದರು. "ಬಾಣಂತಿ, ಪಾಪ," ಅಂದರು. ರೊಕ್ಕದ ಮಾತು ಮತ್ತೆ ಬರಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ನೀರು, ತಿಂಡಿ ಮನೆಯಿಂದಲೇ ಕಟ್ಟಿಕೊಳ್ಳಿ. ನಾವು ದಾರಿಯ ಒಂದು ಹೋಟೆಲನ್ನು ನಂಬಿ ತಣ್ಣಗಾದ ಮಿರ್ಚಿ ತಿಂದೆವು. ದುರ್ಬೀನು ಇಲ್ಲದೆ ಹೋಗಬೇಡಿ. ಕರಡಿಗಳು ದೂರದಲ್ಲಿರುತ್ತವೆ, ಮೊಬೈಲ್ ಫೋಟೊದಲ್ಲಿ ಬರುವುದು ಕರಿ ಚುಕ್ಕೆ. ಬಿಸಿಲು ಜಾಸ್ತಿ, ಟೋಪಿ ಬೇಕು. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ ಕಮಲಾಪುರದ ಹತ್ತಿರ ಇರುವ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯವೇ ಒಳ್ಳೆಯದು. ಅಲ್ಲಿ ಹುಲಿ, ಸಿಂಹ ಖಾತ್ರಿ, ಕೂಗಾಡಬೇಡ ಅಂತ ಮಕ್ಕಳ ಬಾಯಿ ಹಿಡಿದು ಕೂರುವ ಕಷ್ಟವೂ ಇಲ್ಲ. ನನ್ನ ಮಗಳನ್ನು ಕೇಳಿದರೆ ದರೋಜಿ ಅನ್ನುತ್ತಾಳೆ. ಮೈದುನನ ಮಗನನ್ನು ಕೇಳಿದರೆ ಮೃಗಾಲಯ.

ಸಂಜೆ ಗೇಟಿನ ಹತ್ತಿರ ಬಂದ ಮೇಲೆ ನೋಡಿದರೆ ಹುಡುಗ ಬರಿಗಾಲಲ್ಲಿದ್ದಾನೆ. ಬೂಟು ಗೋಪುರದಲ್ಲೇ ಉಳಿದಿತ್ತು. ವಾಪಸು ಹೋಗುವುದಾ ಬೇಡವಾ ಎಂದು ನಿಂತಿರುವಾಗ ಅದೇ ವಾಚರ್ ಅಣ್ಣ ಸೈಕಲ್ಲಿನಲ್ಲಿ ಬರುತ್ತಿದ್ದರು. ಹ್ಯಾಂಡಲಿಗೆ ನೇತುಹಾಕಿದ ಬೂಟುಗಳು ಗುಂಡಿ ಸಿಕ್ಕಾಗಲೆಲ್ಲ ಕೆಂಪಗೆ ಮಿನುಗುತ್ತಿದ್ದವು.